ದಾರಿ ಹುಡುಕೋದು ಬಿಟ್ಟು ಆನ್‌ಲೈನ್ ನಕ್ಷೆಯಲ್ಲಿ ನೀವು ಏನೇನು ಮಾಡಿದ್ದೀರಿ?

ಹಿನ್ನೀರ ಹುಡುಗ | ಶನಿವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬಿಡುವಾದಾಗ ಓದಿ.

ನಮ್ಮ ಅಜ್ಜಿ ಹುಟ್ಟಿದ ಊರು ಈಗ ನೀರಿನಡಿ ಇದೆ. ಸಾಗರ ತಾಲ್ಲೂಕು, ಶರಾವತಿ ದಂಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಅಜ್ಜಿಗೆ 14 ವರ್ಷ. ಗಂಟುಮೂಟೆ ಕಟ್ಟಿಕೊಂಡು ಲಾರಿ ಹತ್ತಿದ್ದು ಅವರಿಗೆ ಇವತ್ತಿಗೂ ನೆನಪಿದೆ. ನಾವು ಮೊಮ್ಮಕ್ಕಳು ಆ ಊರಿನ ಕತೆ ಕೇಳಿಕೊಂಡೇ ಬೆಳೆದವರು. ಕತೆಯಲ್ಲಿ ಬಾವಿ ಇತ್ತು, ಬನ ಇತ್ತು, ಸಂಕ (ಹಳ್ಳ ದಾಟುವ ಕಾಲುಸೇತುವೆ) ಇತ್ತು. ಯಾವುದು ಎಲ್ಲಿತ್ತು, ಒಂದರಿಂದ ಒಂದಕ್ಕೆ ಎಷ್ಟು ದೂರ, ಏನೂ ಗೊತ್ತಿರಲಿಲ್ಲ.

ಈ ಸಲ ದಸರಾ ರಜೆಯಲ್ಲಿ ಅಜ್ಜಿಯನ್ನು ಕೂರಿಸಿಕೊಂಡು ಆ ಊರಿನ ನಕ್ಷೆ ಮಾಡಿದೆ. ಒಟ್ಟು 43 ಗುರುತು ಬಿದ್ದಿವೆ.

ಮೊದಲ ದಿನ ಏನೂ ಆಗಲಿಲ್ಲ. ಟ್ಯಾಬ್‌ನಲ್ಲಿ ಗೂಗಲ್ ಅರ್ತ್ ತೆಗೆದು ಕೊಟ್ಟೆ. ಅಜ್ಜಿ ನೋಡಿ "ಬರೀ ನೀರಲ್ಲಾ ಇದು" ಅಂದು ಪಕ್ಕಕ್ಕಿಟ್ಟರು. ಸರಿಯೇ ಅಲ್ವಾ? ನೀರಿನ ಮೇಲೆ ಬೆರಳಿಟ್ಟು ಮನೆ ತೋರಿಸಿ ಅಂದರೆ ಯಾರು ತಾನೇ ತೋರಿಸುತ್ತಾರೆ.

ಆಮೇಲೆ ನೀರು ಇಳಿದಾಗಿನ ಚಿತ್ರ ಹುಡುಕಿದೆ. ಲಿಂಗನಮಕ್ಕಿ ತುಂಬಿದರೆ ನೀರಿನ ಮಟ್ಟ 1,819 ಅಡಿ. ಮಳೆ ಕೈಕೊಟ್ಟ ವರ್ಷದ ಮುಂದಿನ ಬೇಸಿಗೆಯಲ್ಲಿ ಅದು ತುಂಬಾ ಕೆಳಗೆ ಹೋಗುತ್ತದೆ. 2023ರಲ್ಲಿ ಬರ ಬಂದಿತ್ತಲ್ಲ, ಅದಕ್ಕೆ 2024ರ ಬೇಸಿಗೆಯಿಂದ ಶುರು ಮಾಡಿದೆ. ಕೋಪರ್ನಿಕಸ್ ಬ್ರೌಸರ್ ಅಂತ ಒಂದು ತಾಣ ಇದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ತೆಗೆದ ಚಿತ್ರಗಳು ಅಲ್ಲಿ ಪುಕ್ಕಟೆ ಸಿಗುತ್ತವೆ. ಸುಮಾರು ಐದು ದಿನಕ್ಕೊಂದು ಚಿತ್ರ. ಅದರಲ್ಲಿ ಒಂದು ಚುಕ್ಕಿ ಅಂದರೆ ನೆಲದ ಮೇಲೆ 10 ಮೀಟರ್, ಹಾಗಾಗಿ ಮನೆ ಗಿನೆ ಕಾಣಲ್ಲ. ಆದರೆ ಯಾವ ತಿಂಗಳಲ್ಲಿ ಎಷ್ಟು ನೆಲ ಹೊರಗೆ ಬಂದಿತ್ತು ಅನ್ನುವುದು ಚೆನ್ನಾಗಿ ಗೊತ್ತಾಗುತ್ತದೆ. ಅದನ್ನು ಬರೆದಿಟ್ಟುಕೊಂಡು ಗೂಗಲ್ ಅರ್ತ್‌ನ ಹಳೆಯ ಚಿತ್ರಗಳಲ್ಲಿ ಬೇಸಿಗೆಯವನ್ನು ಒಂದೊಂದೇ ನೋಡುತ್ತಾ ಹೋದೆ. ಒಂದರಲ್ಲಿ ಗದ್ದೆಯ ಬದುಗಳು ಗೆರೆಗೆರೆಯಾಗಿ ಕಂಡವು. ಅರವತ್ತು ವರ್ಷ ನೀರು ಕುಡಿದ ಬದುಗಳು! ಹಳೆಯ ರಸ್ತೆಯೂ ಬೆಳ್ಳಗೆ ಕಂಡಿತು.

ಅದನ್ನು ತೋರಿಸಿದರೂ ಅಜ್ಜಿಗೆ ಗುರುತು ಹತ್ತಲಿಲ್ಲ. ಕನ್ನಡಕ ಹಾಕಿಕೊಂಡು ಎರಡು ನಿಮಿಷ ನೋಡಿದರು. ಆಮೇಲೆ ಕೇಳಿದರು, "ಹೊಳೆ ಯಾವ ಕಡಿಗೆ ಹೋಗ್ತದೆ, ಅದ್ನ ಮೊದ್ಲು ಹೇಳಾ." ನಾನು ತೋರಿಸಿದೆ. "ಹಂಗಲ್ಲ ಮಾರಾಯ. ನಮ್ಮನೆ ಅಂಗಳದಾಗೆ ನಿಂತ್ರೆ ಹೊಳೆ ಬಲಗಡೆಯಿಂದ ಎಡಗಡಿಗೆ ಹೋಗ್ತಿತ್ತು."

ಎರಡು ಬೆರಳಿಟ್ಟು ನಕ್ಷೆ ತಿರುಗಿಸಿದೆ. ಉತ್ತರ ಮೇಲಿರಬೇಕು ಅನ್ನುವುದನ್ನು ಬಿಟ್ಟುಬಿಟ್ಟೆ. ಹೊಳೆ ಅವರ ಎದುರಿಗೆ ಬಲದಿಂದ ಎಡಕ್ಕೆ ಹರಿಯುವ ಹಾಗೆ ಮಾಡಿದೆ. ಅಜ್ಜಿ ಟ್ಯಾಬನ್ನು ತೊಡೆ ಮೇಲೆ ಎಳೆದುಕೊಂಡರು. ಬೆರಳು ತಾನಾಗಿ ನಡೆಯತೊಡಗಿತು. "ಇದು ಕಣ. ಇಲ್ಲಿಂದ ಇಳಿದ್ರೆ ಹಳ್ಳ, ಸಂಕ. ಸಂಕ ದಾಟಿದ್ರೆ ಬೇಣ (ಹುಲ್ಲುಗಾವಲು). ಬೇಣದ ಮೇಲ್ಗಡೆ ಚೌಡಿ ಬನ (ಚೌಡಿ ದೇವರ ಕಾಡು)." ನಾನು ಬರೆದುಕೊಳ್ಳುವಷ್ಟರಲ್ಲಿ ಅವರು ಇನ್ನೊಂದು ಮನೆ ತಲುಪಿರುತ್ತಿದ್ದರು. ಕೊನೆಗೆ ಬರೆಯೋದು ಬಿಟ್ಟು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ.

ಇನ್ನೊಂದು ಸಹಾಯ ಸಿಕ್ಕಿದ್ದು ಅಮೆರಿಕದಿಂದ. ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದವರು ಅಮೆರಿಕ ಸೇನೆ 1950ರ ದಶಕದಲ್ಲಿ ಅಚ್ಚು ಹಾಕಿಸಿದ ಭಾರತದ ನಕ್ಷೆಗಳನ್ನು ಸ್ಕ್ಯಾನ್ ಮಾಡಿ ತಾಣದಲ್ಲಿ ಇಟ್ಟಿದ್ದಾರೆ. ಅಳತೆ 1:2,50,000. ಅಂದರೆ ನಕ್ಷೆಯ ಒಂದು ಸೆಂಟಿಮೀಟರಿಗೆ ನೆಲದ ಮೇಲೆ ಎರಡೂವರೆ ಕಿಲೋಮೀಟರ್. ಲಿಂಗನಮಕ್ಕಿ ಇನ್ನೂ ಇಲ್ಲದ ಕಾಲದ ನಕ್ಷೆ ಅದು. ಕಂಪ್ಯೂಟರಿನ ಗೂಗಲ್ ಅರ್ತ್ ಪ್ರೊದಲ್ಲಿ ಆ ಚಿತ್ರವನ್ನು ಇವತ್ತಿನ ನೆಲದ ಮೇಲೆ ಹೊದಿಸಬಹುದು. ಮುಳುಗದೆ ಉಳಿದ ಗುಡ್ಡದ ತುದಿಗಳನ್ನು ಹೊಂದಿಸಿಕೊಂಡೆ. ಪಾರದರ್ಶಕ ಮಾಡುವ ಗುಂಡಿ ಎಳೆದರೆ ನೀರಿನ ಕೆಳಗಿಂದ ಹಳೆಯ ಹೊಳೆ ಮೇಲೆ ಬರುತ್ತದೆ. ಅಜ್ಜಿ ಆ ಗುಂಡಿಯನ್ನು ಎಷ್ಟು ಸಲ ಆಚೆ ಈಚೆ ಎಳೆದರೋ ಲೆಕ್ಕವಿಲ್ಲ.

ಗುರುತುಗಳನ್ನೆಲ್ಲ ಗೂಗಲ್ ಮೈ ಮ್ಯಾಪ್ಸ್‌ನಲ್ಲಿ ಹಾಕಿದೆ. ಒಂದು ನಕ್ಷೆಗೆ 10 ಪದರ ಕೊಡುತ್ತಾರೆ. ನಾನು ನಾಲ್ಕು ಬಳಸಿದೆ. ಮನೆಗಳು, ನೀರಿನ ಜಾಗಗಳು, ದೇವರ ಜಾಗಗಳು, ದಾರಿಗಳು. ಪ್ರತಿ ಗುರುತಿನ ವಿವರದಲ್ಲಿ ಅಜ್ಜಿಯ ದನಿಯ ಕೊಂಡಿ ಇದೆ.

ನೀವು ಏನು ಮಾಡಿದ್ದೀರಿ ಹೇಳಿ. ಲೊಕೇಶನ್ ಕಳಿಸೋದು, ಹೋಟೆಲ್ ಹುಡುಕೋದು ಎಲ್ಲರೂ ಮಾಡ್ತೀವಿ. ಅದನ್ನು ಬಿಟ್ಟು.


ಭೂಗೋಳ ಮೇಡಂ | ಶನಿವಾರ, ರಾತ್ರಿ 9:52

ನಕ್ಷೆ ತಿರುಗಿಸಿದ ಸಂಗತಿ ಓದಿ ಕುರ್ಚಿಯಿಂದ ಎದ್ದುಬಿಟ್ಟೆ. ನಮ್ಮ ಎಂಟನೇ ತರಗತಿ ಮಕ್ಕಳದ್ದೂ ಇದೇ ಕತೆ ತಮ್ಮಾ.

ನಾನು ತುಮಕೂರು ಜಿಲ್ಲೆಯಲ್ಲಿ ಸರ್ಕಾರಿ ಪ್ರೌಢಶಾಲೆ ಟೀಚರ್. ಗೋಡೆಗೆ ನಕ್ಷೆ ನೇತುಹಾಕಿ "ಉತ್ತರ ಯಾವ ಕಡೆ" ಅಂತ ಕೇಳಿದರೆ ಮಕ್ಕಳು ಸೂರು ತೋರಿಸುತ್ತಾರೆ! ನಕ್ಷೆಯಲ್ಲಿ ಅದು ಮೇಲೆ ಇದೆಯಲ್ಲ, ಅವರ ಲೆಕ್ಕ ಸರಿಯಾಗಿಯೇ ಇದೆ. ಅದಕ್ಕೆ ನಾನು ಊರಿನ ಉಪಗ್ರಹ ಚಿತ್ರವನ್ನು 12 ಹಾಳೆಗಳಲ್ಲಿ ಅಚ್ಚು ಹಾಕಿಸಿ, ಅಂಟಿಸಿ, ಆವರಣದ ನೆಲದ ಮೇಲೆ ಹಾಸುತ್ತೇನೆ. ಶಾಲೆಯ ಗೇಟು ನಿಜವಾಗಿ ಯಾವ ಕಡೆ ಇದೆಯೋ ಆ ಕಡೆಗೇ ಹಾಳೆಯನ್ನೂ ತಿರುಗಿಸುತ್ತೇನೆ. ಮಕ್ಕಳು ಸುತ್ತ ಕೂತುಕೊಂಡು "ಇದು ನಮ್ಮನೆ, ಇದು ಗೌಡರ ತೋಟ, ಇದು ಕೆರೆ ಕೋಡಿ" ಅಂತ ಶುರು ಮಾಡುತ್ತಾರೆ. ಹತ್ತು ನಿಮಿಷದಲ್ಲಿ ದಿಕ್ಕಿನ ಪಾಠ ಮುಗಿಯುತ್ತದೆ.

ಹೋದ ವರ್ಷ ಊರಲ್ಲಿ ಡೆಂಗಿ ಜಾಸ್ತಿ ಆಯಿತು. ಮಕ್ಕಳಿಗೆ ಲಂಡನ್ನಿನ ಕತೆ ಹೇಳಿದೆ. 1854ರಲ್ಲಿ ಅಲ್ಲಿನ ಸೋಹೋದಲ್ಲಿ ಕಾಲರಾ ಬಂತು. ಕೆಟ್ಟ ಗಾಳಿಯಿಂದ ಬರುತ್ತದೆ ಅಂತ ಆಗ ಹೆಚ್ಚಿನವರು ನಂಬಿದ್ದರು. ಜಾನ್ ಸ್ನೋ ಅನ್ನುವ ವೈದ್ಯರು ಸತ್ತವರ ಮನೆಗಳನ್ನು ನಕ್ಷೆಯಲ್ಲಿ ಗುರುತು ಮಾಡಿದರು. ಗುರುತುಗಳೆಲ್ಲ ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪಿನ ಸುತ್ತ ಒತ್ತಾಗಿ ಬಿದ್ದವು. ಹತ್ತಿರದಲ್ಲೇ ಬಡವರನ್ನು ಇಡುವ ಒಂದು ದೊಡ್ಡ ಕಟ್ಟಡ ಇತ್ತು, ಅಲ್ಲಿ ಸಾವು ಬಹಳ ಕಡಿಮೆ. ಯಾಕೆ ಅಂತ ಮಕ್ಕಳನ್ನೇ ಕೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು "ಅಲ್ಲಿ ಬೇರೆ ಬಾವಿ ಇತ್ತೇನೋ ಮಿಸ್" ಅಂದಳು. ಸರಿಯಾದ ಉತ್ತರ ಅದೇ!

ಮರುದಿನ ಮಕ್ಕಳು ನಾಲ್ಕು ಗುಂಪಾಗಿ ಊರು ಸುತ್ತಿದರು. ನೀರು ನಿಂತ ಟಯರು, ಒಡೆದ ಸಿಂಟೆಕ್ಸು, ಮುಚ್ಚಳ ಇಲ್ಲದ ತೊಟ್ಟಿ, ದನ ಕುಡಿಯುವ ಕಲ್ಲುಬಾನಿ. ಎಲ್ಲವನ್ನೂ ಹಾಳೆಯ ಮೇಲೆ ಬಿಂದಿ ಅಂಟಿಸಿ ಗುರುತು ಮಾಡಿದರು. ಸಂಜೆ ನಾನು ಅದನ್ನು ಯುಮ್ಯಾಪ್‌ಗೆ ಹಾಕಿದೆ. ಅದು ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆ ನಡೆಯುವ ತಾಣ, ಖಾತೆ ಕೂಡ ಬೇಕಿಲ್ಲ. ನಮ್ಮ ಆಶಾ ಕಾರ್ಯಕರ್ತೆ ಆ ನಕ್ಷೆ ಫೋನಿನಲ್ಲಿ ಇಟ್ಟುಕೊಂಡು ಮನೆಮನೆಗೆ ಹೋದರು. ಒಂದು ಬೀದಿಯಲ್ಲಿ ಬಿಂದಿ ಮೇಲೆ ಬಿಂದಿ ಬಿದ್ದಿತ್ತು. ಪಂಕ್ಚರ್ ಅಂಗಡಿ ಹಿಂದಿನ ಬೀದಿ. ಮೊದಲು ಅಲ್ಲಿಗೇ ಹೋದರು.


ಮ್ಯೂನಿಕ್ ಕನ್ನಡಿಗ | ಶನಿವಾರ, ರಾತ್ರಿ 10:30

ಮೇಡಂ ಓಪನ್‌ಸ್ಟ್ರೀಟ್‌ಮ್ಯಾಪ್ ಹೆಸರು ತೆಗೆದರಲ್ಲ, ಅದಕ್ಕೇ ಬಂದೆ. ಹತ್ತು ವರ್ಷದಿಂದ ನನ್ನ ಭಾನುವಾರಗಳು ಅಲ್ಲೇ ಕಳೆಯುತ್ತವೆ.

ಗೊತ್ತಿಲ್ಲದವರಿಗೆ: ಇದು 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಶುರು ಮಾಡಿದ್ದು. ವಿಕಿಪೀಡಿಯ ಹೇಗೋ ಹಾಗೆ. ಯಾರು ಬೇಕಾದರೂ ರಸ್ತೆ, ಬಾವಿ, ಬಸ್ ಸ್ಟಾಪ್ ಸೇರಿಸಬಹುದು, ತಪ್ಪು ತಿದ್ದಬಹುದು. ಮಾಹಿತಿ ಯಾವುದೇ ಕಂಪನಿಯದ್ದಲ್ಲ.

ನಾನು ಒಳಗೆ ಬಂದದ್ದು 2015ರ ಏಪ್ರಿಲ್‌ನಲ್ಲಿ, ನೇಪಾಳದ ಭೂಕಂಪದ ವಾರ. ಕುಸಿದ ಹಳ್ಳಿಗಳಿಗೆ ಹೋಗುವ ದಾರಿಗಳೇ ನಕ್ಷೆಯಲ್ಲಿ ಇರಲಿಲ್ಲ. ಪ್ರಪಂಚದ ಬೇರೆ ಬೇರೆ ಕಡೆಯಿಂದ ಸಾವಿರಾರು ಜನ ಉಪಗ್ರಹ ಚಿತ್ರ ನೋಡಿ ಕಾಲುದಾರಿ, ಮನೆ, ಹೆಲಿಕಾಪ್ಟರ್ ಇಳಿಯಬಹುದಾದ ಬಯಲು ಗುರುತು ಮಾಡಿದರು. 2010ರ ಹೈಟಿ ಭೂಕಂಪದಲ್ಲಿ ಹೀಗೆ ಕೆಲಸ ಮಾಡಿದವರು ಕಟ್ಟಿಕೊಂಡ ತಂಡ ಒಂದಿದೆ, ಹ್ಯುಮ್ಯಾನಿಟೇರಿಯನ್ ಓಪನ್‌ಸ್ಟ್ರೀಟ್‌ಮ್ಯಾಪ್ ಟೀಮ್ ಅಂತ. ಅವರು ನೆಲವನ್ನು ಚೌಕಚೌಕವಾಗಿ ಹಂಚಿ ಕೊಡುತ್ತಾರೆ. ನನಗೆ ಬಂದ ಚೌಕದಲ್ಲಿ ಬೆಟ್ಟದ ಮೆಟ್ಟಿಲು ಗದ್ದೆಗಳು, ನಡುವೆ ಏಳೆಂಟು ಮನೆ. ಒಂದೊಂದು ಮನೆಗೂ ನಾಲ್ಕು ಮೂಲೆ ಒತ್ತುವುದು, ಅಷ್ಟೇ ಕೆಲಸ. ಆ ರಾತ್ರಿ ಮೂರು ಗಂಟೆವರೆಗೆ ಒತ್ತಿದೆ.

ಈಗ ಮಾಡುತ್ತಿರುವುದು ನಮ್ಮ ಕಡೆಯ ಕೆಲಸ. ಕನ್ನಡ ಹೆಸರುಗಳು. ಹಲವು ಆ್ಯಪ್‌ಗಳಲ್ಲಿ ಇಂಗ್ಲಿಷಿನಿಂದ ಯಂತ್ರವೇ ಕನ್ನಡಕ್ಕೆ ತಿರುಗಿಸಿರುತ್ತದೆ. ಇಂಗ್ಲಿಷಿನಲ್ಲಿ ಲ, ಳ ಎರಡೂ ಒಂದೇ ಅಕ್ಷರ. ಹಾಗಾಗಿ ಹಳ್ಳಿ ಹೋಗಿ ಹಲ್ಲಿ ಆಗುತ್ತದೆ. ಹಳ್ಳ ಹೋಗಿ ಹಲ್ಲ ಆಗುತ್ತದೆ. ನ, ಣ ಕಲೆಸುತ್ತವೆ. ದೀರ್ಘ ಎಲ್ಲಿ ಹ್ರಸ್ವ ಎಲ್ಲಿ, ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಊರಿನವರು ಸಾವಿರ ವರ್ಷ ಬಾಯಲ್ಲಿ ಕಾಪಾಡಿಕೊಂಡ ಹೆಸರು ಪರದೆಯ ಮೇಲೆ ಕೆಡಬಾರದು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಪ್ರತಿ ಊರಿಗೂ ಕನ್ನಡ ಹೆಸರಿಗೆ ಬೇರೆ ಜಾಗ ಇದೆ. ನಿಮ್ಮ ಊರು, ಪಕ್ಕದ ಐದು ಊರು, ಕೆರೆ, ಗುಡ್ಡ, ಇಷ್ಟನ್ನು ನೀವೇ ಸರಿ ಮಾಡಿ. ಒಂದು ಸಂಜೆಯ ಕೆಲಸ.

ಹಿನ್ನೀರ ಹುಡುಗ, ನೀರಿನಡಿ ಇರುವ ಊರನ್ನು ಅಲ್ಲಿ ಹಾಕಲು ಬರುವುದಿಲ್ಲ. ಈಗ ನೆಲದ ಮೇಲೆ ಇರುವುದಷ್ಟೇ ಅಲ್ಲಿಗೆ. ಹಳೆಯದಕ್ಕೆ ಓಪನ್‌ಹಿಸ್ಟಾರಿಕಲ್‌ಮ್ಯಾಪ್ ಅಂತ ಬೇರೆಯೇ ಇದೆ. ಅದರಲ್ಲಿ ಯಾವ ವರ್ಷದಿಂದ ಯಾವ ವರ್ಷದವರೆಗೆ ಅಂತ ನಮೂದಿಸಬಹುದು. ನಿಮ್ಮ ಅಜ್ಜಿಯ ಊರಿಗೆ ಅದು ಸರಿಯಾದ ಜಾಗ.


ಕೆಂಪುಮಣ್ಣು | ಭಾನುವಾರ, ಬೆಳಿಗ್ಗೆ 6:15

ನಾನು ರೈತ. ನನಗೆ ಉಪಯೋಗಕ್ಕೆ ಬಂದದ್ದು ದಿಶಾಂಕ್ ಆ್ಯಪ್. ಕರ್ನಾಟಕ ರಾಜ್ಯ ದೂರ ಸಂವೇದಿ ಕೇಂದ್ರದವರು ಮಾಡಿದ್ದು. ಹೊಲದಲ್ಲಿ ನಿಂತು ತೆಗೆದರೆ ನೀವು ನಿಂತ ಸರ್ವೆ ನಂಬರ್, ಊರು, ಹೋಬಳಿ ತೋರಿಸುತ್ತದೆ. ಅಲ್ಲಿಂದ ಪಹಣಿ ವಿವರಕ್ಕೂ ಹೋಗಬಹುದು.

ನಮ್ಮ ಅತ್ತೆ ಮಗ ಬೆಂಗಳೂರು ಹೊರಗಡೆ ಸೈಟ್ ನೋಡಿ ಅಡ್ವಾನ್ಸ್ ಕೊಡೋಕೆ ಹೊರಟಿದ್ದ. ಮಾರುವವರು ಒಳ್ಳೆ ಬಣ್ಣದ ಲೇಔಟ್ ಪ್ಲಾನ್ ತೋರಿಸಿದ್ದರು. ನಾನು ಜೊತೆಗೆ ಹೋಗಿ ಜಾಗದಲ್ಲೇ ನಿಂತು ದಿಶಾಂಕ್ ತೆಗೆದೆ. ನಿಂತಿದ್ದ ಸೈಟಿನ ಮೂಲೆಯಲ್ಲಿ ಗ್ರಾಮ ನಕ್ಷೆಯ ಹಳ್ಳ ಹಾದುಹೋಗಿತ್ತು. ನೆಲದ ಮೇಲೆ ಹಳ್ಳವೇ ಇಲ್ಲ, ಮಣ್ಣು ತುಂಬಿ ಸಮ ಮಾಡಿದ್ದಾರೆ. ಅಡ್ವಾನ್ಸ್ ಉಳಿಯಿತು. ಮೆಜೆಸ್ಟಿಕ್ ಬಸ್ ನಿಲ್ದಾಣ ಇರೋದು ಧರ್ಮಾಂಬುಧಿ ಕೆರೆ ಜಾಗದಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆ ಜಾಗದಲ್ಲಿ ಅಂತ ಎಲ್ಲರೂ ಹೇಳ್ತಾರೆ. ನಮ್ಮ ಕಾಲದ ಹಳ್ಳಗಳೂ ಹಾಗೇ ಹೋಗ್ತಿವೆ. ಮಳೆ ಬಂದಾಗ ನೀರು ಮಾತ್ರ ಹಳೇ ದಾರಿನೇ ಹುಡುಕುತ್ತೆ.

ಒಂದು ಎಚ್ಚರಿಕೆ. ಫೋನಿನ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ತೋರಿಸುತ್ತೆ, ಮರದಡಿ ಇನ್ನೂ ಜಾಸ್ತಿ. ಬದುವಿನ ಜಗಳಕ್ಕೆ ಇದನ್ನು ಹಿಡಿದುಕೊಂಡು ಹೋಗಬೇಡಿ. ನಮ್ಮೂರಲ್ಲಿ ಅಣ್ಣತಮ್ಮ ಇಬ್ಬರು ಆ್ಯಪ್ ನೋಡಿ ಬೇಲಿ ಕಿತ್ತು ಹಾಕಿ, ಮಾತು ಬಿಟ್ಟು ಎರಡು ವರ್ಷ ಆಯ್ತು. ಹದ್ದುಬಸ್ತಿಗೆ ಅರ್ಜಿ ಕೊಡಿ. ಸರ್ವೆಯವರು ಬಂದು ಅಳೆದು ಬಾಂದುಕಲ್ಲು ತೋರಿಸಬೇಕು. ಆ್ಯಪ್ ಏನಿದ್ದರೂ ಮೊದಲ ಅನುಮಾನಕ್ಕೆ.


ಕಲ್ಲುಬರಹ | ಭಾನುವಾರ, ಬೆಳಿಗ್ಗೆ 8:40

ಶಾಸನದ ಕಲ್ಲುಗಳ ನಕ್ಷೆ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ.

ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟ 1905ರಲ್ಲಿ ಬಂತು. ಬೆಂಗಳೂರು ಜಿಲ್ಲೆಯಲ್ಲಿ ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳು ಅದರಲ್ಲಿವೆ. ಅಲ್ಲಿ ಸ್ಥಳ ಹೇಗೆ ಹೇಳಿರುತ್ತಾರೆ ಗೊತ್ತಾ? ಇಂಥ ಊರಿನ ಇಂಥ ದೇವಸ್ಥಾನದ ಮುಂದೆ, ಇಂಥವರ ಹೊಲದಲ್ಲಿ, ತೂಬಿನ ಹತ್ತಿರ. ನೂರಿಪ್ಪತ್ತು ವರ್ಷದ ಮೇಲೆ ಆ ಹೊಲ ಎಲ್ಲಿದೆ? ಅಪಾರ್ಟ್‌ಮೆಂಟ್ ಆಗಿದೆ. ಬೆಂಗಳೂರಿನಲ್ಲಿ ಆಸಕ್ತರು ಗುಂಪು ಕಟ್ಟಿಕೊಂಡು ಈ ಕಲ್ಲುಗಳನ್ನು ಹುಡುಕಿ ಆನ್‌ಲೈನ್ ನಕ್ಷೆಯಲ್ಲಿ ಗುರುತು ಹಾಕತೊಡಗಿದರು. ಬೆಂಗಳೂರಿನ ಇತಿಹಾಸ ಅಧ್ಯಯನ ಸಂಸ್ಥೆ ಮಿಥಿಕ್ ಸೊಸೈಟಿಯವರು ಸ್ಕ್ಯಾನರ್ ಹಿಡಿದು ಕಲ್ಲುಗಳ ಮೂರು ಆಯಾಮದ ಪ್ರತಿ ಮಾಡುತ್ತಿದ್ದಾರೆ. ಮಸುಕಾದ ಅಕ್ಷರಕ್ಕೆ ಪರದೆ ಮೇಲೆ ಬೇರೆ ಬೇರೆ ಕಡೆಯಿಂದ ಬೆಳಕು ಬಿಟ್ಟು ಓದಬಹುದು. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಸಿಕ್ಕಿದ್ದು 2018ರಲ್ಲಿ. ಸುಮಾರು 750ನೇ ಇಸವಿಯದ್ದು, ಗಂಗರ ಶ್ರೀಪುರುಷನ ಕಾಲ. ಅಷ್ಟು ಹಳೆಯ ಕಲ್ಲು ದಿನಾ ಲಕ್ಷ ಜನ ಓಡಾಡುವ ಜಾಗದ ಪಕ್ಕದಲ್ಲಿ ಇತ್ತು!

ನಾನು ಭಾನುವಾರ ಬೈಕ್ ಹತ್ತಿ ಹೋಗುತ್ತೇನೆ. ಹಿಂದಿನ ರಾತ್ರಿ ನಕ್ಷೆಯಲ್ಲಿ ಊರಿನ ಕೆರೆ, ಏರಿ, ಏರಿ ಪಕ್ಕದ ಗುಡಿ ನೋಡಿಕೊಳ್ಳುತ್ತೇನೆ. ಕಲ್ಲು ಹೆಚ್ಚಾಗಿ ಇರುವುದು ಅಲ್ಲೇ. ಹೋದ ತಿಂಗಳು ಕೋಲಾರ ಕಡೆ ಒಂದು ವೀರಗಲ್ಲು ಕಂಡೆ. ಭುಜದವರೆಗೆ ಮಣ್ಣಿನಲ್ಲಿ ಹೂತಿತ್ತು. ಎತ್ತಿದ ಕತ್ತಿ, ಪಕ್ಕದಲ್ಲಿ ದನದ ಕೊಂಬು ಮಾತ್ರ ಮೇಲೆ. ಅದರ ತಲೆಯ ಮೇಲೆ ಬಟ್ಟೆ ಒಗೆದು ಒಗೆದು ನುಣ್ಣಗಾಗಿತ್ತು. ಫೋಟೊ ತೆಗೆದು, ಜಾಗ ಗುರುತು ಮಾಡಿ, ಊರಿನ ಹಿರಿಯರಿಗೆ "ತುರು ಕಾದು ಸತ್ತವನ ಕಲ್ಲು ಇದು" ಅಂತ ಹೇಳಿದೆ. ಎರಡು ವಾರದ ಮೇಲೆ ಅವರೇ ಫೋಟೊ ಕಳಿಸಿದರು. ಕಲ್ಲು ಎತ್ತಿ ನಿಲ್ಲಿಸಿ, ಅರಿಶಿನ ಕುಂಕುಮ ಇಟ್ಟಿದ್ದರು.


ತುಂಗಭದ್ರೆ | ಭಾನುವಾರ, ಬೆಳಿಗ್ಗೆ 9:25

ಕಲ್ಲುಬರಹ ಅವರೇ, ನಿಮ್ಮ ಕೆಲಸಕ್ಕೆ ಗೌರವ ಇದೆ. ಆದರೆ ನಿಖರ ಜಾಗ ಎಲ್ಲರಿಗೂ ಕಾಣುವ ಹಾಗೆ ಹಾಕುವುದು ನನಗೆ ಸರಿ ಕಾಣುತ್ತಿಲ್ಲ. ನಮ್ಮ ಕಡೆ ನಿಧಿ ಆಸೆಗೆ ರಾತ್ರಿ ಬಂದು ಗುಡಿ ಅಗೆಯುವವರ ಕಾಟ ಎಷ್ಟಿದೆ ಅಂತ ನಿಮಗೂ ಗೊತ್ತು. ಊರ ಹೊರಗಿನ ಒಂಟಿ ಗುಡಿಯ ಬಸವಣ್ಣನನ್ನು ಕಿತ್ತು ಕೆಳಗೆ ಗುಂಡಿ ತೋಡಿದ್ದನ್ನು ನಾನೇ ನೋಡಿದ್ದೇನೆ. ಅಂಥವರಿಗೆ ನಾವೇ ಕೈಹಿಡಿದು ದಾರಿ ತೋರಿಸಿದ ಹಾಗೆ ಆಗುತ್ತದೆ.


ಕಲ್ಲುಬರಹ | ಭಾನುವಾರ, ಬೆಳಿಗ್ಗೆ 9:58

ನಿಮ್ಮ ಭಯ ನಿಜ. ಇದನ್ನು ನಾನೂ ತುಂಬಾ ಯೋಚನೆ ಮಾಡಿದ್ದೇನೆ. ನಾನು ಕಂಡ ಹಾಗೆ, ಯಾರಿಗೂ ಗೊತ್ತಿಲ್ಲದ ಕಲ್ಲು ನಿಧಿಗಳ್ಳರಿಗಿಂತ ಮೊದಲು ಜೆಸಿಬಿ ಬಾಯಿಗೆ ಹೋಗುತ್ತದೆ. ರಸ್ತೆ ಅಗಲ ಮಾಡುವಾಗ ಇದು ಶಾಸನ ಅಂತ ಹೇಳುವವರು ಒಬ್ಬರಾದರೂ ಬೇಕು. ಊರೊಳಗಿನ ಕಲ್ಲಿಗೆ ನಕ್ಷೆ ರಕ್ಷಣೆಯೇ. ಆದರೆ ಒಂಟಿ ಗುಡಿ, ಕಾಡೊಳಗಿನ ಕಲ್ಲು ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ನಾನು ಹಾಕಿರುವುದರಲ್ಲಿ ಅಂಥವು ಮೂರಿವೆ. ಇವತ್ತೇ ತೆಗೆಯುತ್ತೇನೆ.


ಹಕ್ಕಿನೋಟ | ಭಾನುವಾರ, ಬೆಳಿಗ್ಗೆ 11:20

ಹಕ್ಕಿ ನೋಡುವವರಿಗೂ ಇದೇ ಸಮಸ್ಯೆ ಇದೆ. ಇ-ಬರ್ಡ್‌ನಲ್ಲಿ ನಾವು ಕಂಡ ಹಕ್ಕಿಗಳನ್ನು ಜಾಗದ ಸಮೇತ ಹಾಕುತ್ತೇವೆ. ನಕ್ಷೆಯಲ್ಲಿ ಯಾವ ಹಕ್ಕಿ ಯಾವ ತಿಂಗಳು ಎಲ್ಲಿ ಕಂಡಿತು ಅಂತ ನೋಡಬಹುದು. ಮೈಸೂರಿನವರು 2014ರಿಂದ ನಗರವನ್ನು ಚೌಕಗಳಾಗಿ ಹಂಚಿಕೊಂಡು ನಡೆದು, ಎಣಿಸಿ, ಹಕ್ಕಿಗಳ ಅಟ್ಲಾಸ್ ಮಾಡಿದರು. ಆದರೆ ಕಳ್ಳಬೇಟೆಗೆ ಸಿಗುವಂಥ ಹಕ್ಕಿಗಳ ಜಾಗವನ್ನು ಇ-ಬರ್ಡ್ ಮುಚ್ಚಿಡುತ್ತದೆ. ದೊಡ್ಡ ಚೌಕ ಮಾತ್ರ ಕಾಣುತ್ತದೆ, ಚುಕ್ಕಿ ಕಾಣಲ್ಲ. ಒಂಟಿ ಗುಡಿಗಳಿಗೂ ಹೀಗೆ ಮಾಡಬಹುದಲ್ಲ? ಹೋಬಳಿ ಹೆಸರು ಸಾಕು.

ಇನ್ನೊಂದು ವಿಷಯ. ಗೂಡಿನ ಜಾಗ ಯಾವತ್ತೂ ಹಾಕಬೇಡಿ. ಫೋಟೊ ತೆಗೆಯುವವರು ಸಾಲುಗಟ್ಟಿ ಬರುತ್ತಾರೆ, ತಾಯಿ ಹಕ್ಕಿ ಗೂಡು ಬಿಟ್ಟು ಹೋಗುತ್ತದೆ.


ಹಿನ್ನೀರ ಹುಡುಗ | ಭಾನುವಾರ, ಮಧ್ಯಾಹ್ನ 12:05

ಈ ಮಾತು ನನಗೂ ಬೇಕಿತ್ತು. ಚೌಡಿ ಬನದ ಒಂದು ಭಾಗ ಈಗಲೂ ನೀರಿನ ಮೇಲೆ ನಡುಗಡ್ಡೆಯಾಗಿ ಉಳಿದಿದೆ. ಅದನ್ನು ತೆಗೆದು ಮನೆಯವರಿಗೆ ಮಾತ್ರ ಕಾಣುವ ಬೇರೆ ನಕ್ಷೆಗೆ ಹಾಕಿದೆ. ಮೈ ಮ್ಯಾಪ್ಸ್‌ನಲ್ಲಿ ಒಂದು ಪದರ ಮಾತ್ರ ಮುಚ್ಚಿಡಲು ಆಗಲ್ಲ, ಇಡೀ ನಕ್ಷೆಯೇ ಬೇರೆ ಮಾಡಬೇಕು. ಇದು ಗೊತ್ತಿರಲಿ.

ಮ್ಯೂನಿಕ್ ಅಣ್ಣಾ, ಓಪನ್‌ಹಿಸ್ಟಾರಿಕಲ್‌ಮ್ಯಾಪ್ ನೋಡಿದೆ. ತುಂಬಾ ಥ್ಯಾಂಕ್ಸ್. ದಾರಿಗಳಿಂದ ಶುರು ಮಾಡುತ್ತೇನೆ.


ರೈಲುಹಳಿ | ಭಾನುವಾರ, ಮಧ್ಯಾಹ್ನ 1:30

ಅಜ್ಜಿಯ ಬೆರಳು ನಡೆದದ್ದು ಓದಿ ಸರೂ ಬ್ರಿಯರ್ಲಿ ನೆನಪಾದರು. 1986ರಲ್ಲಿ, ಐದು ವರ್ಷದ ಹುಡುಗ, ಮಧ್ಯಪ್ರದೇಶದಲ್ಲಿ ರೈಲಿನಲ್ಲಿ ನಿದ್ದೆ ಹೋಗಿ ಕೋಲ್ಕತ್ತ ತಲುಪಿಬಿಟ್ಟ. ಊರಿನ ಹೆಸರು ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಆಸ್ಟ್ರೇಲಿಯಾದ ದಂಪತಿ ದತ್ತು ತೆಗೆದುಕೊಂಡರು. ದೊಡ್ಡವರಾದ ಮೇಲೆ ಗೂಗಲ್ ಅರ್ತ್‌ನಲ್ಲಿ ಹೌರಾದಿಂದ ಹೊರಡುವ ರೈಲು ಹಳಿಗಳನ್ನು ಹಿಡಿದು ರಾತ್ರಿ ರಾತ್ರಿ ಹುಡುಕಿದರು. 2011ರಲ್ಲಿ ಒಂದು ಸ್ಟೇಷನ್ ಪಕ್ಕ ನೀರಿನ ಟ್ಯಾಂಕು, ಸೇತುವೆ ಕಂಡವು. ಅಲ್ಲಿಂದ ಹಳಿ ಹಿಡಿದು ಖಾಂಡ್ವಾ ತಲುಪಿದರು. ಮುಂದಿನ ವರ್ಷ ಹೋಗಿ ತಾಯಿಯನ್ನು ಕಂಡರು. ಐದು ವರ್ಷದವನ ಕಣ್ಣಲ್ಲಿ ಅಷ್ಟು ಉಳಿದಿದ್ದರೆ, ಹದಿನಾಲ್ಕು ವರ್ಷದವರ ಕಣ್ಣಲ್ಲಿ ಎಷ್ಟು ಉಳಿದಿರಬೇಡ.


ಘಟ್ಟದ ಮೇಲೆ | ಭಾನುವಾರ, ಮಧ್ಯಾಹ್ನ 3:15

ನನ್ನದು ತೀರಾ ಸಣ್ಣ ವಿಷಯ. ಆದರೆ ಒಂಟಿ ಮನೆಗಳಲ್ಲಿ ಇರುವವರು ಇವತ್ತೇ ಮಾಡಿಕೊಳ್ಳಿ.

ನಮ್ಮ ಮನೆ ಡಾಂಬರು ರಸ್ತೆಯಿಂದ ಎರಡು ಕಿಲೋಮೀಟರ್ ಒಳಗೆ. ಅಪ್ಪನಿಗೆ ರಾತ್ರಿ ಎದೆನೋವು ಬಂತು. 108ಕ್ಕೆ ಫೋನ್ ಮಾಡಿದೆವು. ಡ್ರೈವರ್ ನೋಡಿದ ನಕ್ಷೆ ಅವರನ್ನು ಪಕ್ಕದ ಎಸ್ಟೇಟಿನ ಬೀಗ ಹಾಕಿದ ಗೇಟಿಗೆ ಕರೆದುಕೊಂಡು ಹೋಯಿತು. ಅಲ್ಲಿಂದ ವಾಪಸ್ ಬರಲು ನಲವತ್ತು ನಿಮಿಷ. ಅಪ್ಪ ಉಳಿದರು, ದೇವರ ದಯೆ.

ಆಮೇಲೆ ನಾನು ಮಾಡಿದ್ದು ಇಷ್ಟು. ಆ ಗೇಟನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲೂ ಗೂಗಲ್‌ನಲ್ಲೂ ಗುರುತು ಮಾಡಿ ಅಲ್ಲಿ ದಾರಿ ಇಲ್ಲ ಅಂತ ತಿದ್ದಿದೆ. ನಮ್ಮ ಮನೆ ದಾರಿ ಗೆರೆ ಎಳೆದೆ. ಮನೆಯ ಪ್ಲಸ್ ಕೋಡ್ (ಗೂಗಲ್ ನಕ್ಷೆಯಲ್ಲಿ ಪ್ರತಿ ಜಾಗಕ್ಕೂ ಸಿಗುವ ಅಕ್ಷರ, ಅಂಕಿಗಳ ಚಿಕ್ಕ ವಿಳಾಸ) ತೆಗೆದು ದೊಡ್ಡ ಅಕ್ಷರದಲ್ಲಿ ಬರೆದು ಫೋನ್ ಪಕ್ಕದ ಗೋಡೆಗೆ ಅಂಟಿಸಿದೆ. ನೆಟ್ವರ್ಕ್ ಕೆಟ್ಟಾಗ ಲೊಕೇಶನ್ ಹೋಗಲ್ಲ, ಕೋಡ್ ಆದರೆ ಬಾಯಲ್ಲೇ ಹೇಳಬಹುದು. ಅಮ್ಮ ಅದನ್ನು ಬಾಯಿಪಾಠ ಮಾಡಿದ್ದಾರೆ. ಅಕ್ಕಪಕ್ಕದ ಹನ್ನೊಂದು ಮನೆಗೂ ಬರೆದು ಕೊಟ್ಟೆ.


ಭೂಗೋಳ ಮೇಡಂ | ಭಾನುವಾರ, ಮಧ್ಯಾಹ್ನ 3:40

ಸಣ್ಣ ವಿಷಯ ಅನ್ನಬೇಡಿ. ನಾಳೆ ಪ್ರಾರ್ಥನೆ ಮುಗಿದ ಮೇಲೆ ನಮ್ಮ ಮಕ್ಕಳಿಗೆ ಇದನ್ನೇ ಹೋಂವರ್ಕ್ ಕೊಡುತ್ತೇನೆ. ತೋಟದ ಮನೆಗಳಿಂದ ಬರುವ ಮಕ್ಕಳು ನಮ್ಮಲ್ಲಿ ಜಾಸ್ತಿ.


ಕರೂರು ಸೀಮೆ | ಭಾನುವಾರ, ಸಂಜೆ 6:50

ಹಿನ್ನೀರ ಹುಡುಗ, ನಾವೂ ಮುಳುಗಡೆಯವರೇ. ಆಚೆ ದಡ. ನೀವು ಮಾಡಿದ ನಕ್ಷೆ ತೆಗೆದು ದೊಡ್ಡಪ್ಪನಿಗೆ ತೋರಿಸಿದೆ. ಅವರಿಗೆ 80 ದಾಟಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆ ಬರುತ್ತದಲ್ಲ, ಅದನ್ನು ನೋಡಲು ಪ್ರತಿ ಸಲ ಹೋಗುವವರು. ಅದು ಇವರು ಹುಡುಗರಾಗಿದ್ದಾಗ ತುಂಬಿ ಹರಿಯುತ್ತಿದ್ದ ಅಣೆಕಟ್ಟು, ಆಮೇಲೆ ದೊಡ್ಡ ಅಣೆಕಟ್ಟಿನ ನೀರಿನಲ್ಲಿ ತಾನೇ ಮುಳುಗಿತು.

ನೀವು ಹೇಳಿದ ಹಾಗೆ ನಕ್ಷೆ ತಿರುಗಿಸಿ ಕೊಟ್ಟೆ. ನಮ್ಮದು ಆಚೆ ದಡ, ಹಾಗಾಗಿ ಎಡದಿಂದ ಬಲಕ್ಕೆ. ತುಂಬಾ ಹೊತ್ತು ನೋಡಿದರು. ಆಮೇಲೆ ಒಂದು ತಪ್ಪು ಹಿಡಿದರು. ನಿಮ್ಮ 27ನೇ ಗುರುತು, ದೋಣಿ ಕಡವು. "ಕಡವು ಅಲ್ಲಿರಲಿಲ್ಲ. ಹಳ್ಳ ಸೇರೋ ಜಾಗದಿಂದ ಮೇಲೆ, ದೊಡ್ಡ ನೇರಲೆ ಮರದ ಬುಡದಾಗೆ" ಅಂದರು. ತುಂಬಾ ಖಚಿತವಾಗಿ ಹೇಳುತ್ತಿದ್ದಾರೆ. ಅಜ್ಜಿ ಹತ್ತಿರ ಒಂದು ಸಲ ಕೇಳಿ ನೋಡಿ.


ಹಿನ್ನೀರ ಹುಡುಗ | ಭಾನುವಾರ, ರಾತ್ರಿ 8:35

ಈಗಷ್ಟೇ ಅಜ್ಜಿಗೆ ಓದಿ ಹೇಳಿದೆ. ಊಟ ಅರ್ಧಕ್ಕೆ ನಿಲ್ಲಿಸಿದರು. ನೇರಲೆ ಮರ ಅಂದ ಕೂಡಲೇ "ಹೌದು ಹೌದು" ಅಂದರು. ಆಮೇಲೆ, "ಅದು ಮಳೆಗಾಲದ ಕಡವು. ಹೊಳೆ ಬಂದಾಗ ಕೆಳಗೆ ಸುಳಿ ಇರ್ತಿತ್ತು, ದೋಣಿ ಮೇಲಿಂದ ಬಿಡ್ತಿದ್ರು. ನಾ ಹೇಳಿದ್ದು ಬೇಸಿಗೆದು. ಅವ್ರು ಹೇಳಿದ್ದೂ ಸರಿ, ನಾ ಹೇಳಿದ್ದೂ ಸರಿ."

ಹಾಗಾಗಿ 27ನ್ನು ಬೇಸಿಗೆ ಕಡವು ಅಂತ ತಿದ್ದಿದೆ. 44ನೇ ಗುರುತು ಮಳೆಗಾಲದ ಕಡವು, ನೇರಲೆ ಮರ. ಜಾಗ ಸರಿಯಾಗಿ ಬಿದ್ದಿದೆಯಾ ದೊಡ್ಡಪ್ಪನಿಗೆ ಒಂದು ಸಲ ತೋರಿಸಿ.

ಅಜ್ಜಿ ಒಂದು ಪ್ರಶ್ನೆ ಕೇಳಿದ್ದಾರೆ. ದೋಣಿ ಬಿಡುತ್ತಿದ್ದವರ ಮನೆ ಆಚೆ ದಡದಲ್ಲಿತ್ತಂತೆ, ನಿಮ್ಮ ಕಡೆ. ಅದು ಎಲ್ಲಿತ್ತು ಅಂತ ದೊಡ್ಡಪ್ಪನಿಗೆ ಗೊತ್ತಾ? ಅಜ್ಜಿ ನಾಳೆ ಬೆಳಿಗ್ಗೆ ಹನ್ನೊಂದರ ಮೇಲೆ ಬಿಡುವಾಗಿರುತ್ತಾರೆ. ನಿಮ್ಮ ನಂಬರ್ ನನಗೆ ಖಾಸಗಿಯಾಗಿ ಕಳಿಸಿ, ನಾನೇ ಫೋನ್ ಹಚ್ಚಿ ಕೊಡುತ್ತೇನೆ.